ಸಿರಂದಕ್ಕೆ ಮಾತು ಕಟ್ಟಿದ ವರ್ಷ

ಕಳೆದ ತಿಂಗಳು ತಿಪಟೂರಿನಲ್ಲಿ ತುರುವೇಕೆರೆ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿಗೆ ಬಂದ ಹೆಂಗಸು ಕಾಲ ಬಳಿ ಒಂದು ಚೀಲ ಇಟ್ಟುಕೊಂಡರು. ಮಗಳ ಬಾಣಂತನಕ್ಕೆ ಕೊಬ್ಬರಿ ಒಯ್ಯುತ್ತಿದ್ದೇನೆ ಎಂದರು. ಚೀಲದ ಬಾಯಿ ಸಡಿಲವಾಗಿತ್ತು. ಬಸ್ಸು ಊರು ದಾಟಿ ಗಾಳಿ ಒಳಗೆ ನುಗ್ಗಿದಾಗ ಆ ವಾಸನೆ ಮೇಲೆದ್ದು ಬಂತು. ಅಟ್ಟದ ದೂಳು, ಎಣ್ಣೆಯ ಸಿಹಿ, ಅದರಡಿಯಲ್ಲಿ ಎಲ್ಲೋ ಒಂದು ಎಳೆ ಮುಗ್ಗಲು.

ನಮ್ಮ ಸೀಮೆಯವರಿಗೆಲ್ಲ ಇದು ಮನೆಯ ವಾಸನೆ. ನನಗೆ ಮಾತ್ರ ನಾಲ್ಕು ವರ್ಷದಿಂದ ಇದು ಇಲ್ಲದ ಒಂದು ದೇಶದ ವಾಸನೆ. ಆ ದೇಶದ ಹೆಸರು ಸಿರಂದ. ಕಟ್ಟಿದವಳು ನಾನು. ಅದು ಬಾಳಿದ್ದು ಒಂದೇ ಮಳೆಗಾಲ, ಆಷಾಢದಿಂದ ಕಾರ್ತಿಕದವರೆಗೆ. ಅಷ್ಟರಲ್ಲಿ ನಮ್ಮೂರಿನ ಒಬ್ಬ ಮನುಷ್ಯ ಅಪ್ಪನ ಕಾಲದಿಂದ ಇಟ್ಟುಕೊಂಡಿದ್ದ ಬೀಗದಕೈಯನ್ನು ಕೆಳಗಿಡುವಂತೆ ಆಯಿತು. ಅದರಲ್ಲಿ ನನ್ನ ತಪ್ಪು ಎಷ್ಟು, ಅಥವಾ ತಪ್ಪೇ ಇಲ್ಲವೋ ಎಂದು ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ನಾನು ಆಗ ತಿಪಟೂರಿನ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಆ ವರ್ಷ ನಮ್ಮ ನೇಮಕದ ಆದೇಶ ಬರಲಿಲ್ಲ. ಈ ವಾರ ಬರುತ್ತದೆ, ಮುಂದಿನ ವಾರ ಬರುತ್ತದೆ ಎನ್ನುತ್ತಲೇ ಜೂನ್ ತಿಂಗಳು ಕಳೆಯಿತು. ದಂಡಿನಶಿವರದಿಂದ ಒಳಕ್ಕಿರುವ ನಮ್ಮ ಹಳ್ಳಿಯ ಮನೆಯಲ್ಲಿ ಸುಮ್ಮನೆ ಕೂತೆ. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋದರೆ ಊಟದ ಹೊತ್ತಿಗೆ ಬರುವರು, ಅಮ್ಮ ತನ್ನ ಕೆಲಸದಲ್ಲಿರುವಳು. ಇಬ್ಬರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು.

ಜೊತೆಯಲ್ಲಿ ಪಾಠ ಮಾಡುತ್ತಿದ್ದ ಗೆಳತಿಯೊಬ್ಬಳು ಫೋನಿನಲ್ಲಿ ಕೇಳುವ ಧಾರಾವಾಹಿಗಳಿಗೆ ಬರೆಯುತ್ತಿದ್ದಳು. ಅವಳ ಮಾತು ಕೇಳಿ ನಾನೂ ಒಂದು ಕಂತು ಬರೆದು ಬೆಂಗಳೂರಿನ ಆ ಕಂಪನಿಗೆ ಕಳಿಸಿದೆ. ಒಬ್ಬ ರಾಣಿ, ಒಂದು ಕಾಡು, ಕಳೆದುಹೋದ ಕಿರೀಟ. ವಾರದೊಳಗೆ ನಿಖಿತಾ ಎಂಬ ಸಂಪಾದಕಿ ಫೋನ್ ಮಾಡಿದಳು. ನನಗಿಂತ ಚಿಕ್ಕವಳು, ಮಾತು ಮಾತ್ರ ಪರೀಕ್ಷೆ ಮಾಡುವವಳ ಹಾಗೆ. ಕಥೆ ಚೆನ್ನಾಗಿದೆ ಮೇಡಂ, ಆದರೆ ಇದು ನಡೆಯುವುದು ಎಲ್ಲಿ, ಆ ರಾಣಿಗೆ ಊಟ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಈಗಿನ ಕೇಳುಗರು ಬರೀ ಕಿರೀಟ ನಂಬುವುದಿಲ್ಲವಂತೆ. ಮೊದಲು ಆ ದೇಶವನ್ನು ಪೂರ್ತಿ ಕಟ್ಟಿ ಕಳಿಸಿ ಎಂದಳು. ಅಲ್ಲಿನವರ ಭಾಷೆ ಯಾವುದು, ಏನು ಬೆಳೆಯುತ್ತಾರೆ, ಏನು ಮಾರುತ್ತಾರೆ, ಯಾರು ಆಳುತ್ತಾರೆ, ಆಳುವವರ ಮೇಲೆ ಯಾರಿಗೆ ಸಿಟ್ಟು. ಹದಿನೈದು ದಿನ ಗಡುವು.

ನಾನು ವ್ಯಾಕರಣ ಕಲಿಸಿದವಳು, ದೇಶ ಹೇಗೆ ನಡೆಯುತ್ತದೆ ಎಂದು ಯೋಚಿಸಿದವಳಲ್ಲ. ಚಿನ್ನದ ನಾಣ್ಯ, ಅರಮನೆ, ಕುಟಿಲ ಮಂತ್ರಿ ಎಂದು ನಾಲ್ಕು ಪುಟ ಬರೆದು ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ಚಿನ್ನ ಎಲ್ಲಿಂದ ಬಂತು ಮೇಡಂ? ಆ ಸಾಲು ನೋಡಿಕೊಂಡು ಎರಡು ದಿನ ಏನೂ ತೋಚದೆ ಕೂತಿದ್ದೆ.

ಮೂರನೆಯ ದಿನ ಅಮ್ಮ ನನ್ನನ್ನು ಪಕ್ಕದ ಮನೆಗೆ ಕಳಿಸಿದಳು. ಅದು ರುದ್ರಣ್ಣನವರ ಮನೆ. ರಕ್ತಸಂಬಂಧವೇನಲ್ಲ, ಆದರೆ ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನನಗೆ ಮಾವ, ಅವರ ಹೆಂಡತಿ ಗಂಗಮ್ಮ ನನಗೆ ಅತ್ತೆ. ಅತ್ತೆಗೆ ಮಂಡಿನೋವು, ಅಟ್ಟ ಹತ್ತಲಾಗುತ್ತಿರಲಿಲ್ಲ. ಅಟ್ಟದ ಮೇಲಿನ ಕಾಯಿ ವಿಂಗಡಿಸಲು ಮಾವನಿಗೆ ಒಂದು ಜೊತೆ ಕೈ ಬೇಕಾಗಿತ್ತು. ಏಣಿ ಹತ್ತಿ ಹೋದಾಗ ಮಾವ ಕಾಯಿಗಳ ನಡುವೆ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಒಳಗಿನ ನೀರು ಪೂರಾ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಎನ್ನುತ್ತದೆ. ಅಂಥದ್ದು ಒಂದು ಕಡೆ, ಇನ್ನೂ ನೀರಿರುವುದು ಇನ್ನೊಂದು ಕಡೆ.

ಯಾಕೆ ಸಪ್ಪಗಿದ್ದೀ ಎಂದು ಕೇಳಿದರು. ನಗುತ್ತಾರೆ ಎಂದುಕೊಂಡೇ ಹೇಳಿದೆ. ಮಾವ ನಗಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಅಲ್ಲಿನ ಜನ ಏನು ತಿನ್ನುತ್ತಾರೆ ಎಂದು ಕೇಳಿದರು. ಅದನ್ನು ಯೋಚಿಸಿಲ್ಲ ಎಂದೆ.

"ತಿನ್ನೋದು ಗೊತ್ತಿಲ್ದೆ ರಾಣಿನ ಕೂರ್ಸಿದ್ದೀಯ," ಎಂದರು. ಆಮೇಲೆ ಕೆಳಗಿಟ್ಟ ಕಾಯಿಯನ್ನೇ ಮತ್ತೆ ಎತ್ತಿಕೊಂಡರು. "ನೋಡವ್ವ, ಇದನ್ನ ಕೆಡವಿದ ದಿನ್ವೇ ಮಾರಿದ್ರೆ ಒಂದು ಬೆಲೆ. ವರ್ಷ ಅಟ್ಟದ ಮೇಲೆ ಮಡಗಿ ಕೊಬ್ಬರಿ ಮಾಡಿದ್ರೆ ಇನ್ನೊಂದು ಬೆಲೆ. ಮಡಗೋ ತಾಕತ್ತು ಯಾರ್ಗೈತೆ, ಯಾರ್ಗಿಲ್ಲ? ನಿನ್ ದೇಶದಲ್ಲಿ ಅಷ್ಟು ತಿಳ್ಕೊ. ಆಳೋರು ಯಾರು ಅಂತ ತಾನಾಗೇ ಗೊತ್ತಾಯ್ತದೆ."

ಆ ಮಧ್ಯಾಹ್ನ ಮನೆಗೆ ಬಂದು ಕೈಯ ದೂಳನ್ನೂ ತೊಳೆಯದೆ ಬರೆದೆ. ಸಿರಂದದಲ್ಲಿ ಓಡಲೆ ಎಂಬ ಹಣ್ಣು ಬೆಳೆಯುತ್ತದೆ. ಹಸಿಯಾಗಿದ್ದಾಗ ಒಗರು, ಬೆಲೆಯಿಲ್ಲ. ಕತ್ತಲಲ್ಲಿ ಒಂದು ವರ್ಷ ಇಟ್ಟರೆ ಸಿಹಿ, ಔಷಧಿ, ಕಡಲಾಚೆಯವರು ಹಡಗು ತಂದು ಕೊಳ್ಳುತ್ತಾರೆ. ಅಟ್ಟ ಇರುವ ಮನೆಗಳು ಕಾಯುತ್ತವೆ. ಅಟ್ಟ ಇಲ್ಲದವರು ಹಸಿಯಾಗಿಯೇ ಮಾರುತ್ತಾರೆ. ಹಾಗಾಗಿ ಅಲ್ಲಿ ರಾಜನಿಲ್ಲ, ಅಟ್ಟದ ಮನೆಗಳ ಒಂದು ಸಭೆ ಇದೆ. ಕಾಯುವವರದು ಒಂದು ಪಕ್ಷ, ಕಾಯಲಾರದವರದು ಇನ್ನೊಂದು. ಎರಡು ಪಕ್ಷದವರೂ ತಮ್ಮದೇ ನ್ಯಾಯ ಎನ್ನುತ್ತಾರೆ. ನಿಖಿತಾ ಓದಿ, ಇದೇ ಬೇಕಾಗಿತ್ತು ಮೇಡಂ, ಇದನ್ನು ಎಲ್ಲಿಂದ ತಂದಿರಿ ಎಂದಳು. ಪಕ್ಕದ ಮನೆಯ ಅಟ್ಟದಿಂದ ಎಂದು ಹೇಳಲು ನಾಚಿಕೆಯಾಗಿ ಯೋಚಿಸಿ ಬರೆದೆ ಎಂದುಬಿಟ್ಟೆ.

ಭಾಷೆ ಮಾತ್ರ ನನ್ನ ಸ್ವಂತ ಕೆಲಸ. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲಾಯಿತು, ಪೆಸರ್ ಹೆಸರಾಯಿತು, ಪಳ್ಳಿ ಹಳ್ಳಿಯಾಯಿತು. ಪಕಾರ ಹೋಗಿ ಹಕಾರ ಬಂತು. ಸಿರಂದದವರ ಬಾಯಲ್ಲಿ ಅದು ಹಕಾರವಾಗುವ ಬದಲು ವಕಾರವಾಯಿತು ಎಂದಿಟ್ಟುಕೊಂಡೆ. ಅಲ್ಲಿ ಹಾಲಿಗೆ ವಾಲು, ಹೆಸರಿಗೆ ವೆಸರು, ಹಳ್ಳಿಗೆ ವಳ್ಳಿ. ಕೇಳಿದರೆ ಎಲ್ಲೋ ಗುರುತಿದೆ ಎನಿಸಬೇಕು, ಹಿಡಿಯಲು ಹೋದರೆ ಸಿಕ್ಕಬಾರದು. ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಪದ, ಅರ್ಥ, ಹುಟ್ಟಿದ ಬಗೆ ಎಂದು ಬರೆಯುತ್ತಾ ಹೋದೆ. ನೀರಿಗೆ ಒಂದು ನಿಯಮವನ್ನೇ ಮಾಡಿದೆ. ಸಿರಂದದ ಮಾತಿನಲ್ಲಿ ನೀರಿನ ಮುಂದೆ ನನ್ನದು, ನಿನ್ನದು ಎಂಬ ಪದ ಕೂರುವುದೇ ಇಲ್ಲ. ಹಾಗೆ ಹೇಳಿದರೆ ಅದು ತಪ್ಪು ವಾಕ್ಯ. ಆ ನಿಯಮ ಹೊಳೆದ ದಿನ ನನಗೆ ಎಷ್ಟು ಹಿಗ್ಗಾಯಿತೆಂದರೆ, ಆದೇಶ ಬರದ ಚಿಂತೆಯೇ ಮರೆತುಹೋಗಿತ್ತು.

ಅಮ್ಮ ರಾಗಿ ಹಸನು ಮಾಡುತ್ತಾ ಕೂತು ನಾನು ಓದಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವರು ಬೈಯುವುದು ಹೇಗೆ ಎಂದು ಒಂದು ದಿನ ಕೇಳಿದಳು. ಬೈಗುಳವಿಲ್ಲದ ಮಾತು ಯಾರ ಬಾಯಲ್ಲೂ ನಿಲ್ಲುವುದಿಲ್ಲ ಎಂಬುದು ಅವಳ ತೀರ್ಮಾನ. ಧನ್ಯವಾದಕ್ಕೆ ನಾನು ಮಾಡಿದ್ದ ಪದವನ್ನು ಅವಳೇ ತೆಗೆಸಿದಳು. ಮನೆಯವರಿಗೆ, ನೆಂಟರಿಗೆ ಯಾರಾದರೂ ಹಾಗನ್ನುತ್ತಾರೆಯೇ ಎಂದಳು. ಯೋಚಿಸಿದೆ, ನಿಜ, ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಆ ಪದ ಹೊಡೆದುಹಾಕಿ, ಕೊಟ್ಟವರಿಗೆ ನಿನ್ನ ಅಟ್ಟ ತುಂಬಲಿ ಎಂದು ಹರಸುವ ಪದ್ಧತಿ ಇಟ್ಟೆ.

ಶ್ರಾವಣದ ಹೊತ್ತಿಗೆ ಕಥೆ ಫೋನಿನಲ್ಲಿ ಬರತೊಡಗಿತು. ಹೇಮಾವತಿ ನಾಲೆಗೂ ನೀರು ಬಿಟ್ಟಿದ್ದರು. ನಮ್ಮೂರ ಕೆರೆ ನಾಲೆಯ ನೀರಿನಿಂದ ತುಂಬುತ್ತದೆ. ಅದು ತುಂಬಿದ ಮೇಲೆ ತೂಬು ಎತ್ತಿದರೆ ಕೆಳಗಿನ ಹಳ್ಳಿಯ ಕಟ್ಟೆಗೆ ನೀರು ಹೋಗುತ್ತದೆ. ತೂಬಿನ ಬೀಗದಕೈ ರುದ್ರಣ್ಣ ಮಾವನ ಮನೆಯಲ್ಲಿತ್ತು. ಅವರು ಕೆರೆ ಸಮಿತಿಯ ಅಧ್ಯಕ್ಷರು. ಅದಕ್ಕೂ ಹಿಂದೆ, ಸಮಿತಿ ಎಂಬುದು ಇಲ್ಲದ ಕಾಲದಲ್ಲಿ, ಅದೇ ಬೀಗದಕೈ ಅವರ ಅಪ್ಪನ ಹತ್ತಿರ ಇತ್ತು.

ಒಂದು ಸಂಜೆ, ಮಳೆ ನಿಂತು ಬಿಸಿಲು ಬಂದಿತ್ತು, ಮಾವ ಕೆರೆ ಏರಿಯ ಮೇಲೆ ಹೊರಟಿದ್ದರು. ನಾನೂ ಜೊತೆಗೆ ಹೋದೆ. ಕೆರೆ ಮುಕ್ಕಾಲು ತುಂಬಿತ್ತು. ಸಿರಂದದಲ್ಲಿ ನೀರು ಯಾರ ಕೈಯಲ್ಲಿದೆ ಎಂದು ಕೇಳಿದರು. ನನ್ನ ವ್ಯಾಕರಣದ ನಿಯಮವನ್ನು ಹೆಮ್ಮೆಯಿಂದ ಹೇಳಿದೆ. ಮಾವ ತೂಬಿನ ಕಡೆ ಕೈ ತೋರಿಸಿದರು.

"ಮಾತಲ್ಲಿ ಯಾರ್ದೂ ಅಲ್ದೆ ಇರ್ಬೋದು ಕಣವ್ವ. ಬೀಗದಕೈ ಅಂತ ಒಂದಿರ್ತದಲ್ಲ, ಅದು ಯಾರ್ತಾವ ಐತೆ?"

ಅದನ್ನು ಬರೆದಿಲ್ಲ ಎಂದೆ. ಆಗ ಅವರು ನೀರಿನ ಕಡೆ ಮುಖ ಮಾಡಿ ನಿಂತು ಹೇಳಿದರು. "ತೂಬಿನ ಮೇಲೆ ಒಬ್ಬನ್ನ ಕೂರ್ಸು. ನೀರು ಬುಡ್ದೆ ಇರೋನು. ಕೆಟ್ಟೋನಂಗೆ ಕಾಣಬಾರ್ದು. ಎಲ್ಲರನ್ನೂ ಮಾತಾಡ್ಸ್ಬೇಕು, ಕಷ್ಟ ಸುಖ ಕೇಳ್ಬೇಕು, ಇವತ್ತು ಬುಡ್ತೀನಿ ನಾಳೆ ಬುಡ್ತೀನಿ ಅನ್ಬೇಕು. ಬುಡಬಾರ್ದು. ಅಂತವ್ನು ಒಬ್ಬ ಇದ್ರೆ ನಿನ್ ದೇಶನ ಯಾರು ಬೇಕಾದ್ರೂ ನಂಬ್ತಾರೆ."

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕಂಡಿದ್ದರೂ ಏನಾದರೂ ತಿಳಿಯುತ್ತಿತ್ತೋ ಇಲ್ಲವೋ. ಮನೆಗೆ ಬಂದು ಆ ಮನುಷ್ಯನನ್ನು ಬರೆದೆ. ಅವನ ಹುದ್ದೆಗೆ ಒಂದು ಪದ ಬೇಕಿತ್ತು. ತುಬ್ಬಳ ಎಂದು ಬರೆದೆ. ಹುಟ್ಟಿದ ಬಗೆ ಎಂಬಲ್ಲಿ ಏನೂ ಬರೆಯಲಿಲ್ಲ. ಉಳಿದ ಎಲ್ಲ ಪದಗಳ ಮುಂದೆ ಬರೆದಿದ್ದೇನೆ, ಅದೊಂದರ ಮುಂದೆ ಇಲ್ಲ. ಅದು ತುಂಬು ಎಂಬುದರಿಂದ ಬಂತೋ, ತೂಬು ಎಂಬುದರಿಂದ ಬಂತೋ, ಬಾಯಿಗೆ ಬಂದದ್ದೋ ಎಂದು ಆಮೇಲೆ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಆ ಹೊತ್ತು ಹಿಂದಿರುಗಿ ಬರುವುದಿಲ್ಲ.

ನಮ್ಮೂರವರು ನನ್ನ ಕಥೆ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಮಾವನ ಅಂಗಳದಲ್ಲಿ ಕಾಯಿ ಒಡೆದು ಚಿಪ್ಪಿನಿಂದ ಕೊಬ್ಬರಿ ಬಿಡಿಸುವ ಹೆಂಗಸರು ಕೆಲಸದ ನಡುವೆ ಫೋನ್ ಇಟ್ಟುಕೊಂಡು ಕೇಳತೊಡಗಿದರು. ಪಕ್ಕದ ಮನೆಯ ಸುಧಾ ಬರೆದಿರುವುದಂತೆ ಎಂದು ಒಬ್ಬರಿಂದ ಒಬ್ಬರಿಗೆ ಹೋಯಿತು. ತುಬ್ಬಳ ಬಂದ ಕಂತಿನಿಂದ ಕೇಳುವವರು ಹೆಚ್ಚಾದರು. ಅವನು ಎಲ್ಲರಿಗೂ ಇಷ್ಟವಾದ ಕೆಟ್ಟವನು. ದಬ್ಬೇಘಟ್ಟದ ಬಸ್ಸನ್ನು ನಿಲ್ಲಿಸಿಕೊಂಡು ಎಲೆಅಡಿಕೆ ಹಾಕುತ್ತಿದ್ದ ಕಂಡಕ್ಟರಿಗೆ ಯಾರೋ ಹೊರಡೋ ತುಬ್ಬಳ ಎಂದರಂತೆ. ನಲ್ಲಿಯ ಬಳಿ ನಾಲ್ಕನೆಯ ಕೊಡ ಹಿಡಿಯುತ್ತಿದ್ದವಳಿಗೆ ನಮ್ಮಮ್ಮನೇ ಹಾಗೆಂದು ಬಂದಳು. ನಾನು ಹುಟ್ಟಿಸಿದ ಪದ ಜನರ ಬಾಯಲ್ಲಿ ಓಡಾಡುತ್ತಿತ್ತು. ಆ ಕೆಲವು ವಾರಗಳಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ. ಮಾವನೂ ಬಿಡದೆ ಕೇಳುತ್ತಿದ್ದರು. ತೋಟದಲ್ಲಿ ಸಿಕ್ಕರೆ, ನಿನ್ನೆ ಅವನು ಆ ಮುದುಕಿಗೆ ಹೇಳಿದ ಸುಳ್ಳು ಚೆನ್ನಾಗಿತ್ತು ಎನ್ನುತ್ತಿದ್ದರು.

ಭಾದ್ರಪದದ ಕೊನೆಗೆ ಕೆರೆ ತುಂಬಿತು. ಕೆಳಗಿನ ಹಳ್ಳಿಯವರು ನೀರು ಕೇಳಲು ಬಂದರು. ಮಾವ ಸ್ವಲ್ಪ ತಡೆಯಿರಿ ಎಂದರು. ತೂಬಿನ ಪಕ್ಕ ಏರಿಯ ಹೊರಮೈ ಒಸರುತ್ತಿದೆ, ಈಗ ತೂಬು ಎತ್ತಿದರೆ ನೀರಿನ ಸೆಳೆತಕ್ಕೆ ಮಣ್ಣು ಕೊಚ್ಚಿಹೋಗಬಹುದು, ಇಂಜಿನಿಯರು ಬಂದು ನೋಡಲಿ ಎಂದರು. ಇಂಜಿನಿಯರು ಬರಲಿಲ್ಲ. ಒಂದು ವಾರ ಹೋಯಿತು, ಎರಡಾಯಿತು, ಮೂರನೆಯದೂ ಬಂತು. ಕೆಳಗಿನವರ ಕಟ್ಟೆ ಒಣಗಿಯೇ ಇತ್ತು. ಅವರು ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ಕೊಡದಲ್ಲಿ ನೀರು ಹೊರುತ್ತಿದ್ದುದನ್ನು ಬಸ್ಸಿನಲ್ಲಿ ಹೋಗುವಾಗ ನಾನೇ ಕಂಡಿದ್ದೇನೆ.

ಶಾಲೆಯ ಜಗಲಿಯ ಮೇಲೆ ಸಭೆ ಸೇರಿತು. ಕೆಳಗಿನ ಹಳ್ಳಿಯ ಪರವಾಗಿ ಮಾತಾಡಿದವನು ಶಶಿಧರ. ದಬ್ಬೇಘಟ್ಟದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ, ಸಮಿತಿಯ ಸದಸ್ಯ, ನಲವತ್ತರೊಳಗಿನವನು. ಕೂಗಾಡುವವನಲ್ಲ. ಎದ್ದು ನಿಂತು ತಣ್ಣಗೆ ಕೇಳಿದ. "ಇನ್ನೆಷ್ಟು ದಿನ ಕಾಯಿಸ್ತೀರ ಅಣ್ಣ? ನಮ್ಗೆ ಅಟ್ಟ ಇಲ್ಲ ಅಂತಾನಾ?"

ಅದು ನಮ್ಮೂರಿನ ಮಾತಲ್ಲ, ಸಿರಂದದ ಮಾತು. ಮಾವ ಮತ್ತೆ ಏರಿಯ ವಿಷಯ ಹೇಳಿದರು. ಶಶಿಧರ ಜನರ ಕಡೆ ತಿರುಗಿದ. "ಇವ್ರು ಅಧ್ಯಕ್ಷರಲ್ಲ ಕಣ್ರೀ. ತುಬ್ಬಳ."

ಎಲ್ಲರೂ ನಕ್ಕರು. ನಮ್ಮ ಕಡೆಯವರೂ ನಕ್ಕರು. ಮಾವನೂ ನಕ್ಕರು, ಅದು ನನಗೆ ಅರ್ಥವಾಗಲಿಲ್ಲ. ನಕ್ಕವರಲ್ಲಿ ಕೆಲವರು ತಿರುಗಿ ಹೆಂಗಸರ ನಡುವೆ ನಿಂತಿದ್ದ ನನ್ನನ್ನು ನೋಡಿದರು, ಸರಿಯಾಗಿ ಹೇಳಿದೆಯಲ್ಲ ಎನ್ನುವ ಹಾಗೆ.

ಮರುದಿನ ಮಾವನ ತೋಟದ ಕಲ್ಲುಕಂಬದ ಮೇಲೆ ಇದ್ದಿಲಲ್ಲಿ ಆ ಪದ ಬರೆದಿತ್ತು. ಗಂಗಮ್ಮತ್ತೆ ನಮ್ಮ ಮನೆಗೆ ಬಂದರು. ಮಂಡಿನೋವಿನಿಂದ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತರು. ಅಮ್ಮ ಒಳಗೆ ಕರೆದರೂ ಬರಲಿಲ್ಲ.

"ನಮ್ಮನೆ ಅಟ್ಟದ್ ಮೇಲೆ ಕೂತ್ಕೊಂಡು ಬರ್ದೆ ಅಲ್ವೇನೇ," ಎಂದರು, ಅಷ್ಟೇ. ನಾನು ಏನಾದರೂ ಹೇಳುವ ಮೊದಲೇ ತಿರುಗಿ ಹೊರಟರು.

ಏನು ಹೇಳಬೇಕಿತ್ತು? ಇದು ಮಾವನ ಬಗ್ಗೆ ಅಲ್ಲ, ಮಾವನೇ ಹೇಳಿಕೊಟ್ಟದ್ದು ಎಂದೇ? ಹಾಗೆಂದರೆ ಮಾವ ತಮ್ಮನ್ನು ತಾವೇ ಬರೆಸಿಕೊಂಡರು ಎಂದಂತಾಗುತ್ತಿತ್ತು. ಹಾಗೇ ಇತ್ತೋ ಏನೋ. ಅಂದು ಏರಿಯ ಮೇಲೆ ಅವರು ಹೇಳಿದಾಗ ಕೆರೆ ಇನ್ನೂ ತುಂಬಿರಲಿಲ್ಲ, ಒಸರುವ ಮಾತೇ ಇರಲಿಲ್ಲ. ಅಥವಾ ಆಗಲೇ ಅವರ ಮನಸ್ಸಿನಲ್ಲಿ ಇತ್ತೇ? ನೀರು ಹಿಡಿದಿಟ್ಟುಕೊಳ್ಳುವ ಯೋಚನೆ ಇರುವವನು ಅದನ್ನೇ ಕಥೆಗೆ ಕೊಡುತ್ತಾನೆಯೇ? ಒಂದು ಬೆಳಿಗ್ಗೆ ನಾನೊಬ್ಬಳೇ ಹೋಗಿ ತೂಬಿನ ಪಕ್ಕದ ಏರಿ ನೋಡಿಬಂದೆ. ಹುಲ್ಲಿನ ನಡುವೆ ಒದ್ದೆಯಿತ್ತು. ಮಳೆಗಾಲದಲ್ಲಿ ಎಲ್ಲ ಕಡೆಯೂ ಒದ್ದೆಯಿತ್ತು.

ಸರಿಮಾಡಬೇಕು ಎಂದು ನಾನೊಂದು ಕೆಲಸ ಮಾಡಿದೆ. ಮುಂದಿನ ಕಂತುಗಳಲ್ಲಿ ತುಬ್ಬಳನಿಗೆ ಒಂದು ಕಾರಣ ಕೊಟ್ಟೆ. ಅವನ ಕಟ್ಟೆ ಸೋರುತ್ತಿದೆ, ತೂಬು ಎತ್ತಿದರೆ ಒಡೆದು ಕೆಳಗಿನ ವಳ್ಳಿಗಳೇ ಮುಳುಗುತ್ತವೆ, ಜನ ಗಾಬರಿಯಾಗುತ್ತಾರೆಂದು ಅವನು ಹೇಳುತ್ತಿಲ್ಲ ಎಂದು ಬರೆದೆ. ಕೆಟ್ಟವನನ್ನು ಇಷ್ಟು ಬೇಗ ಒಳ್ಳೆಯವನನ್ನಾಗಿ ಮಾಡಬೇಡಿ ಎಂದು ನಿಖಿತಾ ತಕರಾರು ಮಾಡಿದಳು. ಹಟಮಾಡಿ ಕಳಿಸಿದೆ.

ಅದರಿಂದ ಇದ್ದದ್ದೂ ಕೆಟ್ಟಿತು. ರುದ್ರಣ್ಣ ಹೇಳಿ ಬರೆಸಿದ್ದಾರೆ ಎಂದು ಶಶಿಧರನ ಕಡೆಯವರು ಆಡಿಕೊಂಡರು. ಅಲ್ಲಿಯವರೆಗೆ ಮಾವನನ್ನು ನಂಬಿದ್ದವರೂ, ಏರಿ ನಿಜವಾಗಿ ಸೋರುತ್ತಿದ್ದರೆ ಅದನ್ನು ಕಥೆಯಲ್ಲಿ ಹೇಳಿಸುವುದು ಯಾಕೆ ಎಂದು ಅನುಮಾನಪಟ್ಟರು. ಕಲ್ಪಿಸಿದ ಸೋರಿಕೆ ನಿಜವಾದ ಸೋರಿಕೆಯನ್ನೂ ಸುಳ್ಳು ಮಾಡಿತು. ಅಮ್ಮನಿಗೆ ಸಿಟ್ಟು ಬಂದಿತ್ತು. "ಬರೀಬಾರ್ದಿತ್ತು. ಬರ್ದ್ ಮೇಲೆ ತಿದ್ದಬಾರ್ದಿತ್ತು," ಎಂದಳು.

ಎರಡನೆಯ ಸಭೆಗೆ ನಾನು ಹೋಗಲಿಲ್ಲ. ಅಪ್ಪ ಬಂದು ಹೇಳಿದರು. ಮಾವ ಯಾರೊಂದಿಗೂ ವಾದಿಸಲಿಲ್ಲವಂತೆ. ಶರ್ಟಿನ ಜೇಬಿನಿಂದ ಬೀಗದಕೈ ತೆಗೆದು ಜಗಲಿಯ ಮೇಲಿಟ್ಟು, ಇನ್ನು ಮುಂದೆ ಯಾರಾದರೂ ನೋಡಿಕೊಳ್ಳಿ, ಏರಿಯ ಮೇಲೆ ಒಂದು ಕಣ್ಣಿರಲಿ ಎಂದು ಹೇಳಿ ಎದ್ದು ಬಂದರಂತೆ. ಶಶಿಧರ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ, ಅದು ಸ್ವಲ್ಪ ಹೊತ್ತು ಅಲ್ಲೇ ಇತ್ತು ಎಂದರು ಅಪ್ಪ.

ಮಾರನೆಯ ದಿನ ತೂಬು ಎತ್ತಿದರು. ನೀರು ಹತ್ತು ಹನ್ನೊಂದು ದಿನ ಹರಿಯಿತು. ಕೆಳಗಿನ ಕಟ್ಟೆ ತುಂಬಿತು. ಏರಿಗೆ ಏನೂ ಆಗಲಿಲ್ಲ. ನೋಡಿದಿರಾ ಎಂದು ಕೆಳಗಿನವರು ಹೇಳಿದರು, ಮೇಲಿನವರು ಹೂಂ ಎಂದರು. ಅದೇ ವಾರ ಕಂಪನಿಯಿಂದ ಸಂದೇಶ ಬಂತು. ಕೇಳುವವರು ಸಾಲದು, ಧಾರಾವಾಹಿ ನಿಲ್ಲಿಸುತ್ತಿದ್ದೇವೆ, ಹೊಸ ಕಥೆ ಇದ್ದರೆ ಕಳಿಸಿ. ನಿಖಿತಾ ಫೋನ್ ಎತ್ತಲಿಲ್ಲ. ಸಿರಂದದ ಕೊನೆಯ ಕಂತಿನಲ್ಲಿ ತುಬ್ಬಳ ತೂಬಿನ ಮೇಲೆ ಕೂತಿದ್ದಾನೆ, ಕೆಳಗಿನವರು ಗುದ್ದಲಿ ಹಿಡಿದು ಹೊರಟಿದ್ದಾರೆ. ಅವರು ಬಂದು ಮುಟ್ಟಲೇ ಇಲ್ಲ.

ಕಾರ್ತಿಕದಲ್ಲಿ ಹುಳಿಯಾರಿನ ಕಡೆ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಾವನಿಗೆ ಹೇಳಿಹೋಗಲು ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಮುಂದಿನ ವರ್ಷ ಮಳೆ ಜೋರಾಗಿ, ಬೋರನಕಣಿವೆ ಅಣೆಕಟ್ಟೆ ತುಂಬಿದ್ದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗಿದ್ದ ದಿನವೇ ಅಮ್ಮ ಫೋನ್ ಮಾಡಿದಳು. ನಮ್ಮೂರ ಕೆರೆಯ ಏರಿ ತೂಬಿನ ಪಕ್ಕ ಒಂದಾಳುದ್ದ ಕುಸಿದಿತ್ತು. ಮರಳಿನ ಚೀಲ ಹಾಕಿ ಉಳಿಸಿಕೊಂಡರಂತೆ. ರುದ್ರಣ್ಣ ಹೇಳಿದ್ದು ನಿಜವಾಯಿತು ಎಂದು ಕೆಲವರು. ಹೆಗ್ಗಣ ಕೊರೆದದ್ದು, ಹೋದ ವರ್ಷಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕೆಲವರು. ಅಷ್ಟೊಂದು ಜನರ ನಡುವೆ ನಿಂತು ಆ ಮಾತು ಕೇಳಿದ ನನಗೆ ಖುಷಿಯಾಯಿತೋ ದುಃಖವಾಯಿತೋ ಹೇಳಲಾರೆ. ಎರಡೂ ಅಲ್ಲ ಎನಿಸುತ್ತದೆ.

ಕಳೆದ ತಿಂಗಳು ಬಸ್ಸಿಳಿದು ಮನೆಗೆ ಹೋದವಳು ಚೀಲ ಇಟ್ಟು ಕಾಫಿ ಕುಡಿದು, ಇನ್ನು ತಡಮಾಡಿದರೆ ಮತ್ತೆ ಆಗುವುದಿಲ್ಲ ಎಂದು ನೇರ ಪಕ್ಕದ ಮನೆಗೆ ಹೋದೆ. ಮಾವ ಅಂಗಳದಲ್ಲಿ ಕೂತು ಹಗ್ಗ ಬಿಚ್ಚುತ್ತಿದ್ದರು. ಗಂಗಮ್ಮತ್ತೆ ನನ್ನನ್ನು ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಲೋಟ ಮಜ್ಜಿಗೆ ತಂದು ನನ್ನ ಪಕ್ಕ ಇಟ್ಟು, ಕುಡಿ ಎಂದರು. ಅವರು ಮತ್ತೆ ಒಳಗೆ ಹೋಗುವವರೆಗೆ ಕಾದು ಕೇಳಿದೆ.

"ಮಾವ, ತೂಬಿನ ಮೇಲೆ ಒಬ್ಬನ್ನ ಕೂರ್ಸು ಅಂತ ಅವತ್ತು ನೀವೇ ಹೇಳಿದ್ರಿ. ಯಾರನ್ನ ನೆನೆಸ್ಕೊಂಡು ಹೇಳಿದ್ರಿ?"

ಮಾವ ಹಗ್ಗದ ಗಂಟನ್ನು ಬಿಡಲಿಲ್ಲ. ಬಿಚ್ಚುತ್ತಲೇ ಹೇಳಿದರು. "ನಮ್ಮಪ್ಪನ್ನ."

ಆಮೇಲೆ ನಿಧಾನವಾಗಿ ಉಳಿದದ್ದನ್ನು ಹೇಳಿದರು. ಅವರು ಹುಡುಗನಾಗಿದ್ದಾಗ ಒಂದು ವರ್ಷ ಅವರಪ್ಪ ಕೆಳಗಿನವರಿಗೆ ನೀರು ಬಿಡಲಿಲ್ಲ. ಏರಿ ಗಟ್ಟಿಯಾಗಿತ್ತು, ಕೆರೆ ತುಂಬಿತ್ತು, ಕಾರಣವೇ ಇರಲಿಲ್ಲ. ದಿನಾ ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ನಾಳೆ ಬಿಡುತ್ತೇನೆ ಎಂದು ಕಳಿಸುತ್ತಿದ್ದರು. ಬಂದವರಲ್ಲಿ ಶಶಿಧರನ ತಾತನೂ ಇದ್ದರು. ಇದನ್ನು ಮಾವ ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಅತ್ತೆಗೂ ಕೂಡ. ಕಥೆಯಲ್ಲಾದರೆ ಹೇಳಬಹುದು ಎನಿಸಿತಂತೆ.

"ಶಶಿ ಆ ಮಾತ್ ಅಂದಾಗ ನಂಗೆ ನಗು ಬಂತು ಕಣವ್ವ. ಮಾತು ಸರಿಯಾಗೈತೆ, ಆಳು ಬೇರೆ ಅನ್ನಿಸ್ತು. ಬೀಗದಕೈ ಮಡಗೋವಾಗ ಮಾತ್ರ, ಆಳೂ ನಾನೇ ಏನೋ ಅನ್ನಿಸ್ತು. ಏರಿ ಒಸರ್ತಿತ್ತು, ಸುಳ್ಳಲ್ಲ. ಮೂರು ವಾರ ಕಾಯ್ಸೋವಷ್ಟು ಒಸರ್ತಿತ್ತಾ ಅಂದ್ರೆ..." ಅವರು ಹಗ್ಗ ಎಳೆದರು. ಗಂಟು ಬಿಚ್ಚಿತ್ತು.

ನಾನು ತಪ್ಪಾಯಿತು ಎನ್ನಲು ಬಂದಿದ್ದೆ. ಯಾವುದಕ್ಕೆ ಎನ್ನಬೇಕೆಂದು ತಿಳಿಯದೆ ಮಜ್ಜಿಗೆ ಕುಡಿದೆ.

ಅಷ್ಟರಲ್ಲಿ ಬಾಗಿಲ ಬಳಿ ಬೈಕು ನಿಂತಿತು. ಶಶಿಧರ. ಕೂದಲು ಸ್ವಲ್ಪ ನೆರೆತಿತ್ತು. ನನ್ನನ್ನು ನೋಡಿ ಚೆನ್ನಾಗಿದ್ದೀರಾ ಎಂದ, ಮುಖದಲ್ಲಿ ಯಾವ ಹಳೆಯ ಮಾತೂ ಕಾಣಲಿಲ್ಲ. ಬೀಗದಕೈ ಈಗ ಅವನ ಬಳಿ ಇತ್ತು. ಈ ಸಲವೂ ಕೆರೆ ತುಂಬಿದೆ, ನಾಳೆಯೇ ತೂಬು ಎತ್ತಬೇಕೆಂದು ಕೆಳಗಿನವರು ಕೂತಿದ್ದಾರೆ ಎಂದ. ಒಳಗೆ ಬರದೆ ನಿಂತಲ್ಲಿಂದಲೇ ಮಾವನಿಗೆ ಹೇಳಿದ. "ಏರಿ ತಾವ ಒಸಿ ಬಂದ್ ನೋಡ್ಬುಡಿ ಅಣ್ಣ. ನಂಗ್ಯಾಕೋ ಗೊತ್ತಾಯ್ತಿಲ್ಲ."

ಮಾವ ಹಗ್ಗ ಬದಿಗಿಟ್ಟು ಎದ್ದು ಚಪ್ಪಲಿ ಮೆಟ್ಟಿದರು. ಇಬ್ಬರೂ ಈ ಮೊದಲೂ ಹೀಗೆ ಹೋಗಿ ಬಂದಿರಬೇಕು, ಯಾರೂ ಏನೂ ವಿವರಿಸಲಿಲ್ಲ. ಬಾಗಿಲಲ್ಲಿ ತಿರುಗಿ, ನೀನೂ ಬಾ ಎಂದರು ನನಗೆ.

ತೂಬಿನ ಪಕ್ಕ ಏರಿಯ ಹೊರಮೈಯಲ್ಲಿ ಮೂವರೂ ಇಳಿದು ನಿಂತೆವು. ಹುಲ್ಲು ಸವರಿದ್ದರು. ಒಂದು ತಟ್ಟೆಯಷ್ಟು ಜಾಗದಲ್ಲಿ ಮಣ್ಣು ಕಪ್ಪಾಗಿತ್ತು. ಮಾವ ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟು ನೋಡಿದರು. ಶಶಿಧರನೂ ನೋಡಿದ. ನೀರು ಒಸರುತ್ತಿದೆ ಎಂದು ಶಶಿಧರ, ನಿನ್ನೆಯ ಮಳೆ ಇರಬಹುದು ಎಂದು ಮಾವ. ನಾನು ಕೂತು ಅಂಗೈ ಊರಿದೆ. ತಣ್ಣಗಿತ್ತು. ಮಳೆಯ ನೀರೂ ಕೆರೆಯ ನೀರೂ ಅಂಗೈಗೆ ಒಂದೇ ಥರ.

ಏನನ್ನಿಸುತ್ತದೆ ಎಂದು ಮಾವ ಕೇಳಿದರು. ನಿಜವಾಗಿ ಕೇಳುತ್ತಿದ್ದರು. ಗೊತ್ತಾಗುವುದಿಲ್ಲ ಎಂದೆ.

"ನಂಗೂ ಅಷ್ಟೇ," ಎಂದು ಅವರು ಮಂಡಿ ಹಿಡಿದು ಎದ್ದರು. ಶಶಿಧರನ ಕಡೆ ತಿರುಗಿ, "ರಾತ್ರಿ ಮಳೆ ಬರ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ನೋಡಾಣ. ಒಣಗಿದ್ರೆ ಮಳೆ ನೀರು. ಹಿಂಗೇ ಇದ್ರೆ ಕೆರೆದು," ಎಂದರು. ಶಶಿಧರ ಸರಿ ಎಂದ.

ನಾನು ಸಂಜೆಯ ಬಸ್ಸಿಗೇ ಹುಳಿಯಾರಿಗೆ ಹಿಂದಿರುಗಬೇಕಿತ್ತು, ಬೆಳಿಗ್ಗೆ ಆ ಮಣ್ಣು ಮುಟ್ಟಿ ನೋಡಲು ನಾನಿರುತ್ತಿರಲಿಲ್ಲ.